ರಟ್ಟಿನ ಮೇಲೆ ಕಡಲು: ನಾವಿಕ ಕಲಾವಿದ ಆಲ್‌ಫ್ರೆಡ್ ವಾಲಿಸ್

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿದ ಬೆರಳಿನಂತಿರುವ ಪ್ರದೇಶ ಕಾರ್ನ್‌ವಾಲ್. ಅದರ ಉತ್ತರ ತೀರದಲ್ಲಿರುವ ಪುಟ್ಟ ಬಂದರು ಸೇಂಟ್ ಐವ್ಸ್. ಆ ಊರಿಗೆ ಹೆಸರು ಬಂದದ್ದು ಸಂತ ಇಯಾ ಎಂಬ ಕನ್ಯೆಯಿಂದ. ಐದಾರನೆಯ ಶತಮಾನದಲ್ಲಿ ಐರ್ಲೆಂಡಿನಿಂದ ಶುಭಸಂದೇಶ ಸಾರಲು ಹೊರಟ ಸಂಗಡಿಗರು ಈಕೆಯನ್ನು ದಡದಲ್ಲಿಯೇ ಬಿಟ್ಟು ಹೋದರಂತೆ. ದುಃಖದಿಂದ ಪ್ರಾರ್ಥಿಸುತ್ತಿದ್ದ ಇಯಾ, ನೀರಿನ ಮೇಲೆ ತೇಲುತ್ತಿದ್ದ ಎಲೆಯೊಂದನ್ನು ತಮ್ಮ ಕೋಲಿನಿಂದ ಮುಟ್ಟಿದರಂತೆ. ಎಲೆ ಬೆಳೆದು ದೋಣಿಯಾಯಿತು. ಬಿಟ್ಟುಹೋದವರಿಗಿಂತ ಮೊದಲೇ ಅವರು ಕಾರ್ನ್‌ವಾಲಿನ ದಡ ಸೇರಿದರು ಎನ್ನುತ್ತದೆ ಐತಿಹ್ಯ. ಸಂತ ಇಯಾ ಅವರ ಹೆಸರಿನ ಹಳೆಯ ದೇವಾಲಯ ಇಂದಿಗೂ ಆ ಬಂದರಿನ ಪಕ್ಕದಲ್ಲಿಯೇ ನಿಂತಿದೆ.

ಇದೇ ಊರಿನಲ್ಲಿ, ಬಹಳ ಕಾಲದ ನಂತರ, ದಡದಲ್ಲಿ ಉಳಿದುಬಿಟ್ಟ ಇನ್ನೊಬ್ಬರಿದ್ದರು. ಅವರ ಕೈಗೆ ಸಿಕ್ಕಿದ್ದು ಎಲೆಯಲ್ಲ, ದಿನಸಿ ಅಂಗಡಿಯ ರಟ್ಟಿನ ಡಬ್ಬದ ತುಂಡು. ಅವರೇ ಆಲ್‌ಫ್ರೆಡ್ ವಾಲಿಸ್. ಮೊದಲು ಬೆಸ್ತರು, ಬಳಿಕ ಗುಜರಿ ವ್ಯಾಪಾರಿ, ಎಪ್ಪತ್ತರ ವಯಸ್ಸಿನಲ್ಲಿ ಚಿತ್ರಕಾರರು.

ವಾಲಿಸ್ ಜನಿಸಿದ್ದು 1855ರ ಆಗಸ್ಟ್ ತಿಂಗಳಲ್ಲಿ, ಪ್ಲಿಮತ್ ಬಳಿಯ ಡೆವನ್‌ಪೋರ್ಟ್ ಎಂಬ ನೌಕಾನೆಲೆಯ ಊರಿನಲ್ಲಿ. ತಂದೆತಾಯಿ ಕಾರ್ನ್‌ವಾಲಿನ ಪೆನ್ಸಾನ್ಸ್ ಕಡೆಯವರು. ತಂದೆ ರಸ್ತೆಗೆ ಕಲ್ಲುಹಾಸುವ ಕೂಲಿಕಾರರು. ಬಾಲಕ ತಾಯಿಯನ್ನು ಬೇಗನೆ ಕಳೆದುಕೊಂಡ. ಒಂಬತ್ತನೆಯ ವಯಸ್ಸಿಗೇ ಹಡಗಿನ ಚಾಕರಿಗೆ ಹೋದದ್ದಾಗಿ ವಾಲಿಸ್ ಮುಂದೆ ಹೇಳಿಕೊಳ್ಳುತ್ತಿದ್ದರು. ನಡುವೆ ಕೆಲಕಾಲ ಬುಟ್ಟಿ ಹೆಣೆಯುವವರಲ್ಲಿ ಕೆಲಸ ಕಲಿತದ್ದೂ ಉಂಟು. ಯೌವನದಲ್ಲಿ ಹಾಯಿಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿ ಕೆನಡಾ ಕಡೆಯ ನ್ಯೂಫೌಂಡ್‌ಲ್ಯಾಂಡಿನವರೆಗೂ ಹೋಗಿಬಂದರು.

ಈ ಸಮುದ್ರವ್ಯಾಪಾರಕ್ಕೂ ನಮ್ಮ ಧರ್ಮಸಭೆಗೂ ಒಂದು ಸ್ವಾರಸ್ಯಕರ ನಂಟಿದೆ. ನ್ಯೂಫೌಂಡ್‌ಲ್ಯಾಂಡಿನ ಉಪ್ಪು ಹಾಕಿದ ಕಾಡ್ ಮೀನು, ಕಾರ್ನ್‌ವಾಲಿನ ಪಿಲ್ಚರ್ಡ್ ಎಂಬ ಮೀನು ಎರಡಕ್ಕೂ ದೊಡ್ಡ ಮಾರುಕಟ್ಟೆ ಇದ್ದುದು ಇಟಲಿ ಮೊದಲಾದ ಕಥೋಲಿಕ ನಾಡುಗಳಲ್ಲಿ. ತಪಸ್ಸು ಕಾಲದಲ್ಲಿ ಮಾಂಸ ವರ್ಜ್ಯವಾಗಿದ್ದುದರಿಂದ ಅಲ್ಲಿಯ ಮನೆಗಳಿಗೆ ಮೀನು ಬೇಕಾಗಿತ್ತು. ಪಿಲ್ಚರ್ಡ್ ಎಂದರೆ ನಮ್ಮ ಕರಾವಳಿಯ ಬೂತಾಯಿ ಮೀನಿನ ದಾಯಾದಿ. ಕಾರ್ನ್‌ವಾಲಿನ ಬೆಸ್ತರು ಬಹುಪಾಲು ಮೆಥಡಿಸ್ಟರು. ಜಾನ್ ವೆಸ್ಲಿ 1743ರಲ್ಲಿಯೇ ಸೇಂಟ್ ಐವ್ಸ್‌ಗೆ ಬಂದು ಉಪದೇಶ ಮಾಡಿದ್ದರು. ಆದರೂ ಅದೇ ಬೆಸ್ತರು ಪೋಪ್ ಜಗದ್ಗುರುಗಳ ಆಯುರಾರೋಗ್ಯ ಹಾರೈಸಿ ಲೋಟ ಎತ್ತುವ ವಾಡಿಕೆ ಇಟ್ಟುಕೊಂಡಿದ್ದರು. ಉಪವಾಸದ ದಿನಗಳು ಕಡಿಮೆಯಾಗದಿರಲಿ ಎಂಬುದೇ ಅವರ ಹಾರೈಕೆಯ ಒಳಗುಟ್ಟು. ಕ್ರೈಸ್ತ ಐಕ್ಯದ ಇತಿಹಾಸ ಬರೆಯುವವರು ಈ ಅಧ್ಯಾಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ!

1876ರಲ್ಲಿ, ಇಪ್ಪತ್ತರ ಹರೆಯದ ವಾಲಿಸ್, ತಮಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯಳಾದ ಸೂಸನ್ ವಾರ್ಡ್ ಎಂಬ ವಿಧವೆಯನ್ನು ಪೆನ್ಸಾನ್ಸಿನ ಸಂತ ಮರಿಯಮ್ಮನವರ ದೇವಾಲಯದಲ್ಲಿ ಮದುವೆಯಾದರು. ಆಕೆಗೆ ಆಗಲೇ ಮಕ್ಕಳಿದ್ದರು. ಈ ದಂಪತಿಗಳಿಗೆ ಹುಟ್ಟಿದ ಎರಡು ಕೂಸುಗಳೂ ಎಳವೆಯಲ್ಲಿಯೇ ತೀರಿಹೋದವು. ಸಂಸಾರದ ಹೊಣೆ ಹೊತ್ತ ಮೇಲೆ ವಾಲಿಸ್ ದೂರದ ಯಾನಗಳನ್ನು ಬಿಟ್ಟು ಹತ್ತಿರದ ಮೀನುಗಾರಿಕೆಯನ್ನೂ ಕೂಲಿಯನ್ನೂ ನೆಚ್ಚಿಕೊಂಡರು. ನಂತರ ಕುಟುಂಬ ಸೇಂಟ್ ಐವ್ಸ್‌ಗೆ ಬಂದು ನೆಲೆಸಿ, ಅಲ್ಲಿ ಹಡಗಿನ ಗುಜರಿ ಅಂಗಡಿ ತೆರೆಯಿತು. ಹಳೆಯ ಹಗ್ಗ, ಹರಿದ ಹಾಯಿ, ತುಕ್ಕು ಹಿಡಿದ ಕಬ್ಬಿಣ, ಬಲೆಯ ಚೂರು ಇವುಗಳನ್ನು ಬೆಸ್ತರಿಂದ ಕೊಂಡು ಮಾರುವುದೇ ವ್ಯಾಪಾರ. 1912ರ ಸುಮಾರಿಗೆ ಅಂಗಡಿಯನ್ನು ಮುಚ್ಚಿದರು. ಆ ವೇಳೆಗೆ ಬಂದರಿನ ಸ್ಥಿತಿಯೇ ಬದಲಾಗಿತ್ತು. ಪಿಲ್ಚರ್ಡ್ ಹಿಂಡುಗಳು ದಡಕ್ಕೆ ಬರುವುದು ಅಪರೂಪವಾಗಿ, ಹಾಯಿಗಳ ಜಾಗಕ್ಕೆ ಎಂಜಿನ್‌ಗಳು ಬರತೊಡಗಿದ್ದವು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ಆ ಊರಿನ ಇನ್ನೊಂದು ಮುಖವನ್ನು ನೋಡಬೇಕು. 1877ರಲ್ಲಿ ಸೇಂಟ್ ಐವ್ಸ್‌ಗೆ ರೈಲು ಬಂದಿತು. ರೈಲಿನ ಹಿಂದೆಯೇ ಚಿತ್ರಕಾರರು ಬಂದರು. 1880ರ ದಶಕದಲ್ಲಿ ವಿಸ್ಲರ್, ಸಿಕರ್ಟ್ ಅವರಂತಹ ಹೆಸರಾಂತರು ಅಲ್ಲಿ ತಂಗಿ ಚಿತ್ರ ಬರೆದರು. ಮೀನಿನ ಬರಗಾಲದಿಂದ ಬರಿದಾದ ಹಾಯಿ ಹೊಲಿಯುವ ಅಟ್ಟಗಳನ್ನು ಕಲಾವಿದರು ಬಾಡಿಗೆಗೆ ಹಿಡಿದು ಚಿತ್ರಶಾಲೆಗಳನ್ನಾಗಿ ಮಾಡಿಕೊಂಡರು. ಕಲಾವಿದರ ಸಂಘವೂ ಹುಟ್ಟಿತು. ಅವರು ಬರೆದದ್ದೇನನ್ನು? ದೋಣಿಗಳನ್ನು, ಬಲೆ ನೇಯುವ ಮುದುಕಿಯರನ್ನು, ಎಣ್ಣೆಬಟ್ಟೆ ತೊಟ್ಟ ಬೆಸ್ತರ ಬಿಸಿಲುಬಡಿದ ಮುಖಗಳನ್ನು. ಆ ಚಿತ್ರಗಳು ಲಂಡನ್ನಿನ ಪ್ರದರ್ಶನಗಳಲ್ಲಿ ತೂಗಿದವು. ಹೀಗೆ ಸುಮಾರು ನಲವತ್ತು ವರ್ಷಗಳ ಕಾಲ ನೂರಾರು ಕಲಾವಿದರು ಬೆಸ್ತರ ಬೀದಿಗಳಲ್ಲಿ ಓಡಾಡಿದರು. ಬೆಸ್ತನನ್ನು ನೋಡಲು ಎಲ್ಲರೂ ಕಲಿತರು; ಬೆಸ್ತನು ನೋಡುವುದು ಏನನ್ನು ಎಂದು ಕೇಳಬೇಕೆಂಬ ಆಲೋಚನೆ ಅವರಲ್ಲಿ ಯಾರಿಗೂ ಹೊಳೆದಂತಿಲ್ಲ. ಬಡವರ ಕುರಿತು ಬರೆಯುವವರೂ ಮಾತನಾಡುವವರೂ ಎಂದಿಗೂ ಕಡಿಮೆಯಿಲ್ಲ. ಬೋಧನಾಪೀಠದಲ್ಲಿ ನಿಲ್ಲುವ ನಾವೂ ಆ ಗುಂಪಿಗೆ ಸೇರಿದವರೇ.

1922ರಲ್ಲಿ ಸೂಸನ್ ತೀರಿಕೊಂಡರು. ಸುಮಾರು ನಲವತ್ತಾರು ವರ್ಷಗಳ ದಾಂಪತ್ಯ ಮುಗಿದು ಬ್ಯಾಕ್ ರೋಡ್ ವೆಸ್ಟ್ ಬೀದಿಯ ಮೂರನೆಯ ನಂಬರಿನ ಸಣ್ಣ ಮನೆಯಲ್ಲಿ ವಾಲಿಸ್ ಒಬ್ಬಂಟಿಗರಾದರು. ಮನೆಯಲ್ಲಿ ಒಂದು ದೊಡ್ಡ ಬೈಬಲ್ ಇತ್ತು. ಸಾಲ್ವೇಶನ್ ಆರ್ಮಿ ಪಂಗಡದ ಪ್ರಾರ್ಥನಾಕೂಟಗಳಿಗೆ ಹೋಗುತ್ತಿದ್ದ ಅವರು ದೇವರ ವಾಕ್ಯವನ್ನು ಬಹಳ ಕಟ್ಟುನಿಟ್ಟಾಗಿ ನಂಬಿದವರು. ಆದರೂ ಸಂಜೆಗಳು ದೀರ್ಘವಾಗಿದ್ದವು. ಎಪ್ಪತ್ತನೆಯ ವಯಸ್ಸಿನ ಆಸುಪಾಸಿನಲ್ಲಿ, 1925ರ ಹೊತ್ತಿಗೆ, ಅವರು ಚಿತ್ರ ಬರೆಯತೊಡಗಿದರು. ಕಾರಣ ಕೇಳಿದವರಿಗೆ, ಹೆಂಡತಿ ಹೋದ ಮೇಲೆ ಜೊತೆಗೆ ಏನಾದರೂ ಬೇಕಲ್ಲ ಎಂಬರ್ಥದಲ್ಲಿ ಉತ್ತರ ಹೇಳುತ್ತಿದ್ದರು.

ಅವರಿಗೆ ಕ್ಯಾನ್ವಾಸ್ ಇರಲಿಲ್ಲ. ದಿನಸಿ ಅಂಗಡಿಯವರು ಕೊಡುತ್ತಿದ್ದ ಡಬ್ಬಗಳ ರಟ್ಟು, ಹಲಗೆಯ ಚೂರು, ಕೈಗೆ ಸಿಕ್ಕ ಯಾವುದಾದರೂ ಆದೀತು. ಬಣ್ಣವೂ ಕಲಾವಿದರ ಬಣ್ಣವಲ್ಲ. ದೋಣಿಗೂ ಬಾಗಿಲಿಗೂ ಬಳಿಯುವ ಡಬ್ಬಿ ಬಣ್ಣ. ಕಪ್ಪು, ಬಿಳುಪು, ಬೂದು, ಕಂದು, ಗಾಢ ಹಸಿರು ಇಷ್ಟರಲ್ಲಿಯೇ ಹೆಚ್ಚಿನ ಚಿತ್ರಗಳು ಮುಗಿಯುತ್ತವೆ. ರಟ್ಟು ಓರೆಯಾಗಿ ಹರಿದಿದ್ದರೆ ಅದನ್ನು ಕತ್ತರಿಸಿ ಚೌಕ ಮಾಡುತ್ತಿರಲಿಲ್ಲ. ಆ ಓರೆಗೆ ಹೊಂದುವಂತೆ ಹಡಗನ್ನು ಓಲಿಸುತ್ತಿದ್ದರು. ಖಾಲಿ ಬಿಟ್ಟ ರಟ್ಟಿನ ಕಂದು ಬಣ್ಣವೇ ಕೆಲವೊಮ್ಮೆ ಮರಳಾಗುತ್ತದೆ, ಕೆಲವೊಮ್ಮೆ ಆಕಾಶವಾಗುತ್ತದೆ. ಭಾನುವಾರ ಮಾತ್ರ ಅವರು ಕುಂಚ ಮುಟ್ಟುತ್ತಿರಲಿಲ್ಲ. ಆ ದಿನ ಗೋಡೆಯ ಚಿತ್ರಗಳನ್ನು ಸುದ್ದಿಪತ್ರಿಕೆಯಿಂದ ಮುಚ್ಚಿ ಬೈಬಲ್ ಓದುತ್ತಿದ್ದರೆಂದು ಹೇಳುತ್ತಾರೆ.

ಮೊದಲ ಬಾರಿಗೆ ಈ ಚಿತ್ರಗಳನ್ನು ನೋಡುವವರಿಗೆ ಮಕ್ಕಳು ಬರೆದಂತೆ ತೋರಬಹುದು. ಹಡಗು ಬೆಟ್ಟಕ್ಕಿಂತ ದೊಡ್ಡದು, ಮನೆಗಳು ಬೆಂಕಿಪೊಟ್ಟಣಗಳಂತೆ, ದೀಪಸ್ತಂಭ ಮುಗಿಲಿನೆತ್ತರ, ನೀರಿನ ಕೆಳಗಿನ ಮೀನು ಮೇಲೆ ತೇಲುವ ದೋಣಿಯಷ್ಟೇ ಉದ್ದ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಶಾಲೆಯ ಪಾಠ ಇಲ್ಲಿ ನಡೆಯುವುದಿಲ್ಲ. ಆದರೆ ಮಧ್ಯಯುಗದ ಪೀಠಚಿತ್ರಗಳನ್ನು ನೆನಪಿಸಿಕೊಳ್ಳಿ. ಮಾತೆ ಮರಿಯಮ್ಮನವರು ದೊಡ್ಡದಾಗಿ ಕುಳಿತಿರುತ್ತಾರೆ. ಚಿತ್ರಕ್ಕೆ ಹಣ ಕೊಟ್ಟ ಶ್ರೀಮಂತ ಅವರ ಪಾದದ ಬಳಿ ಗೊಂಬೆಯಷ್ಟು ಚಿಕ್ಕದಾಗಿ ಮೊಣಕಾಲೂರಿರುತ್ತಾನೆ. ಯಾವುದು ಮುಖ್ಯವೋ ಅದು ದೊಡ್ಡದು. ಬಿರುಗಾಳಿಯಲ್ಲಿ ಸಿಕ್ಕಿದ ನಾವಿಕನಿಗೆ ಅವನ ಹಡಗಿಗಿಂತ ದೊಡ್ಡದು ಯಾವುದಿದ್ದೀತು? ದೀಪಸ್ತಂಭಕ್ಕಿಂತ ಎತ್ತರದ್ದು ಯಾವುದು? ಹಾಯಿ ಯಾವ ಗಾಳಿಗೆ ಹೇಗೆ ಬೀಗುತ್ತದೆ, ಹಗ್ಗ ಯಾವ ಕೊಕ್ಕೆಗೆ ಬೀಳುತ್ತದೆ ಎಂಬುದರಲ್ಲಿ ವಾಲಿಸ್ ತಪ್ಪುವವರಲ್ಲ. ಲ್ಯಾಬ್ರಡಾರ್ ಯಾನವನ್ನು ಕುರಿತ ಅವರ ಚಿತ್ರವೊಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಕತ್ತಲಿನ ನೀರು, ಮಂಜುಗಡ್ಡೆಯ ಬಿಳುಪು, ಅವುಗಳ ನಡುವೆ ಒಂಟಿ ಹಡಗು. ಅದನ್ನು ಬರೆಯುವಾಗ ವಾಲಿಸ್‌ಗೆ ಎಂಬತ್ತು ವರ್ಷ. ತಾವು ಬರೆಯುವುದು ಹಿಂದೆ ಇದ್ದುದನ್ನು, ಇನ್ನು ಮುಂದೆ ಯಾರೂ ಕಾಣದಿರುವುದನ್ನು ಎಂದು ಅವರು ಪತ್ರವೊಂದರಲ್ಲಿ ತಿಳಿಸಿದ್ದಾರೆ. ಆ ಪತ್ರದ ಕಾಗುಣಿತ ಶಾಲೆ ಕಾಣದವರ ಕಾಗುಣಿತ. ಹೇಳಬೇಕಾದದ್ದು ಮಾತ್ರ ಸ್ಪಷ್ಟವಾಗಿದೆ.

1928ರ ಆಗಸ್ಟಿನಲ್ಲಿ ಬೆನ್ ನಿಕಲ್ಸನ್, ಕ್ರಿಸ್ಟೋಫರ್ ವುಡ್ ಎಂಬ ಇಬ್ಬರು ತರುಣ ಕಲಾವಿದರು ಸೇಂಟ್ ಐವ್ಸ್‌ಗೆ ಬಂದರು. ಸಮುದ್ರ ತೀರದಿಂದ ಹಿಂದಿರುಗುವಾಗ ತೆರೆದ ಬಾಗಿಲೊಂದರ ಮೂಲಕ ಒಳಗೆ ಇಣುಕಿದರು. ಗೋಡೆಯ ತುಂಬ ಹಡಗುಗಳು! ಅಂಕುಡೊಂಕಾದ ರಟ್ಟುಗಳಿಗೆ ದೊಡ್ಡ ಮೊಳೆ ಹೊಡೆದು ತೂಗುಹಾಕಲಾಗಿತ್ತು. ಬಾಗಿಲು ತಟ್ಟಿದರು. ಅಂದಿನಿಂದ ಆ ಇಬ್ಬರ ಚಿತ್ರಕಲೆಯೇ ಬದಲಾಯಿತು ಎನ್ನುವುದು ಕಲಾ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. 1930ರಲ್ಲಿ ಅಕಾಲ ಮರಣಕ್ಕೀಡಾದ ವುಡ್ ಅವರ ಕೊನೆಯ ಚಿತ್ರಗಳಲ್ಲಿ ವಾಲಿಸ್ ಅವರ ನೆರಳು ಎದ್ದುಕಾಣುತ್ತದೆ. ನಿಕಲ್ಸನ್ ಮುಂದೆ ಬ್ರಿಟನ್ನಿನ ಆಧುನಿಕ ಕಲೆಯ ಅಗ್ರಗಣ್ಯರಲ್ಲಿ ಒಬ್ಬರಾದರು.

ನಿಕಲ್ಸನ್ ಅವರ ಮೂಲಕ ವಾಲಿಸ್ ಅವರ ಪರಿಚಯ ಪಡೆದವರಲ್ಲಿ ಮುಖ್ಯರು ಜಿಮ್ ಈಡ್. ಅವರು ಟೇಟ್ ಗ್ಯಾಲರಿಯ ಉದ್ಯೋಗಿ. ವಾಲಿಸ್ ತಮ್ಮ ಚಿತ್ರಗಳನ್ನು ಕಟ್ಟು ಕಟ್ಟಿ, ಕಂದು ಕಾಗದ ಸುತ್ತಿ, ದಾರ ಬಿಗಿದು ಅಂಚೆಯಲ್ಲಿ ಲಂಡನ್ನಿಗೆ ಕಳಿಸುತ್ತಿದ್ದರು. ಒಮ್ಮೊಮ್ಮೆ ಒಂದೇ ಕಟ್ಟಿನಲ್ಲಿ ಅರುವತ್ತರಷ್ಟು ಚಿತ್ರಗಳು. ಈಡ್ ತಮಗೆ ಬೇಕಾದವನ್ನು ಆರಿಸಿಕೊಂಡು ಉಳಿದವನ್ನು ಹಿಂದಿರುಗಿಸುತ್ತಿದ್ದರು. ಬೆಲೆ ಅಳತೆಯ ಮೇಲೆ: ಒಂದು, ಎರಡು ಅಥವಾ ಮೂರು ಶಿಲ್ಲಿಂಗ್.

ಈ ಮೂರು ಶಿಲ್ಲಿಂಗಿನ ಲೆಕ್ಕವೇ ನನ್ನನ್ನು ಬಹಳ ಕಾಡಿದೆ. ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ಅಂದರೆ ಅತಿ ದೊಡ್ಡ ಏಳು ಚಿತ್ರಗಳನ್ನು ಮಾರಿದರೆ ಒಂದು ಪೌಂಡಿಗಿಂತ ತುಸು ಹೆಚ್ಚು. ಇಂದು ಅವುಗಳಲ್ಲಿ ಒಂದೊಂದಕ್ಕೂ ಸಹಸ್ರಾರು ಪೌಂಡು ಬೆಲೆ. ಇದು ಬಡವನ ಶೋಷಣೆಯಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರವನ್ನು ಅವಸರದಲ್ಲಿ ಹೇಳಬಾರದು. ಆ ಕಾಲದಲ್ಲಿ ಬ್ರಿಟನ್ನಿನ ವೃದ್ಧಾಪ್ಯ ವೇತನ ವಾರಕ್ಕೆ ಹತ್ತು ಶಿಲ್ಲಿಂಗ್ ಆಗಿತ್ತು. ಅದರ ಪಕ್ಕದಲ್ಲಿಟ್ಟು ನೋಡಿದರೆ ಎರಡು ಶಿಲ್ಲಿಂಗ್ ಸಣ್ಣದಲ್ಲ. ಒಂಬತ್ತು ಹತ್ತು ಚಿತ್ರಗಳು ಹೋದರೆ ಎರಡು ವಾರದ ಊಟ. ಈಡ್ ಕೂಡ ಆಗ ಸಿರಿವಂತರೇನಲ್ಲ. ಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಇದೆಲ್ಲ ನಿಜ. ಅಷ್ಟಾದರೂ ಒಂದು ಮಾತು ಉಳಿಯುತ್ತದೆ. ವಾಲಿಸ್ ತಮ್ಮ ಗೆಳೆಯರಿಗೆ ಕೊಟ್ಟದ್ದು ಹೊಸದೊಂದು ಕಣ್ಣನ್ನು. ಅದಕ್ಕೆ ಪ್ರತಿಯಾಗಿ ಪಡೆದದ್ದು ಪ್ರೀತಿ, ಮೆಚ್ಚುಗೆ, ಒಂದಿಷ್ಟು ಶಿಲ್ಲಿಂಗ್. ಅವರ ಬದುಕಿನ ನೆಲೆ ಮಾತ್ರ ಬದಲಾಗಲಿಲ್ಲ. ದುಡಿಮೆಯ ಬೆಲೆಯನ್ನು ಮೊದಲು ಅಳೆಯಬೇಕಾದದ್ದು ದುಡಿಯುವ ಮನುಷ್ಯನಿಂದ ಎಂದು ಜಗದ್ಗುರು ಎರಡನೆಯ ಜಾನ್ ಪಾಲ್ 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಅವರು ಸ್ವತಃ ಯುದ್ಧಕಾಲದ ಕ್ರಾಕೋವ್‌ನಲ್ಲಿ ಕಲ್ಲುಗಣಿಯ ಕೂಲಿಯಾಗಿದ್ದವರು. ಆ ಬೋಧನೆಯ ಬೆಳಕಿನಲ್ಲಿ ನೋಡಿದರೆ ಇಲ್ಲಿ ಮೋಸವಾಗಲಿಲ್ಲ, ಆದರೆ ನ್ಯಾಯವೂ ಪೂರ್ತಿಯಾಗಿ ಆಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ವಯಸ್ಸು ಏರಿದಂತೆ ವಾಲಿಸ್ ಅವರ ಮನಸ್ಸು ಕದಡಿತು. ಮಹಡಿಯಿಂದ ಧ್ವನಿಗಳು ಕೇಳುತ್ತಿವೆ, ಹೊಗೆಗೂಡಿನ ಮೂಲಕ ಸೈತಾನನು ಪೀಡಿಸುತ್ತಿದ್ದಾನೆ ಎಂದು ದೂರುತ್ತಿದ್ದರು. ನೆರೆಹೊರೆಯವರ ಮೇಲೆ ಸಂಶಯ. ಇಂತಹ ಹಿರಿಯರು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿಯೂ ಇದ್ದಾರೆ. ರೋಗಿಗಳ ಮನೆಭೇಟಿಗೆ ಹೋಗುವ ಯಾವ ಗುರುವಿಗೂ ಇದು ಹೊಸತಲ್ಲ. ವೈದ್ಯರು ಈಗ ಇದಕ್ಕೆ ಹೆಸರು ಕೊಡುತ್ತಾರೆ, ಔಷಧವನ್ನೂ ಕೊಡುತ್ತಾರೆ. ಅಂದು ಆ ಬೀದಿಯಲ್ಲಿ ಅವರನ್ನು ಅರೆಮರುಳ ಎಂದು ತಿಳಿದವರೇ ಹೆಚ್ಚು. ರಟ್ಟಿಗೆ ಬಣ್ಣ ಬಳಿಯುವುದೂ ಆ ಮರುಳಿನ ಒಂದು ಲಕ್ಷಣವೆಂದೇ ಅವರ ಎಣಿಕೆ.

1941ರ ಜೂನ್‌ನಲ್ಲಿ, ತಮ್ಮನ್ನು ತಾವು ನೋಡಿಕೊಳ್ಳಲಾಗದ ಸ್ಥಿತಿಗೆ ಬಂದ ಅವರನ್ನು ಪೆನ್ಸಾನ್ಸ್ ಬಳಿಯ ಮ್ಯಾಡ್ರನ್ ವರ್ಕ್‌ಹೌಸಿಗೆ ಸೇರಿಸಿದರು. ವರ್ಕ್‌ಹೌಸ್ ಎಂಬ ಪದ ಆ ಕಾಲದ ಬ್ರಿಟಿಷ್ ಬಡವರ ಎದೆಯಲ್ಲಿ ಹುಟ್ಟಿಸುತ್ತಿದ್ದ ಭಯವನ್ನು ಇಂದು ಊಹಿಸುವುದು ಕಷ್ಟ. 1834ರ ಬಡವರ ಕಾನೂನಿನ ಉದ್ದೇಶವೇ, ಸರ್ಕಾರದ ಆಶ್ರಯವನ್ನು ಯಾರೂ ಇಷ್ಟಪಟ್ಟು ಬೇಡದಷ್ಟು ಕಠಿಣವಾಗಿಡುವುದಾಗಿತ್ತು. 1930ರಲ್ಲಿ ಹೆಸರು ಬದಲಾಗಿ ಅವು ಸಾರ್ವಜನಿಕ ನೆರವಿನ ಸಂಸ್ಥೆಗಳೆನಿಸಿದವು. ಕಟ್ಟಡಗಳು ಅವೇ, ಕಳಂಕವೂ ಅದೇ. ಅಲ್ಲಿ ಸಾಯುವುದೆಂದರೆ ಇನ್ನೂ ದೊಡ್ಡ ಭಯ. 1832ರ ಕಾನೂನೊಂದರ ಪ್ರಕಾರ, ಕೇಳುವವರಿಲ್ಲದ ಶವಗಳನ್ನು ವರ್ಕ್‌ಹೌಸಿನಿಂದ ವೈದ್ಯ ವಿದ್ಯಾರ್ಥಿಗಳ ಅಂಗಚ್ಛೇದನದ ಮೇಜಿಗೆ ಕಳಿಸಬಹುದಾಗಿತ್ತು. ಉಳಿದವರಿಗೆ ಸರ್ಕಾರಿ ಖರ್ಚಿನ ಹೆಸರಿಲ್ಲದ ಗುಂಡಿ. ಅದಕ್ಕಾಗಿಯೇ ಹೊಟ್ಟೆಗಿಲ್ಲದವರೂ ಪೆನ್ನಿ ಪೆನ್ನಿ ಕೂಡಿಸಿ ಶವಸಂಸ್ಕಾರದ ಚೀಟಿ ಕಟ್ಟುತ್ತಿದ್ದರು. ವಾಲಿಸ್ ಕೂಡ ತಮ್ಮ ಮಣ್ಣಿಗೆಂದು ಹಣ ಎತ್ತಿಟ್ಟಿದ್ದರು. ಕಲಾವಿದನೆಂದು ಹೆಸರಾಗಬೇಕೆಂಬ ಹಂಬಲ ಅವರ ಮಾತಿನಲ್ಲಿಯಾಗಲಿ ಪತ್ರಗಳಲ್ಲಿಯಾಗಲಿ ಹೆಚ್ಚು ಕಾಣುವುದಿಲ್ಲ. ಭಿಕ್ಷುಕರ ಗುಂಡಿಗೆ ಬೀಳಬಾರದೆಂಬ ಹಂಬಲ ಮಾತ್ರ ಬಲವಾಗಿತ್ತು.

ಮ್ಯಾಡ್ರನ್‌ನಲ್ಲಿ ಗೆಳೆಯರು ಅವರನ್ನು ಮರೆಯಲಿಲ್ಲ. 1939ರಲ್ಲಿಯೇ ನಿಕಲ್ಸನ್ ಮತ್ತು ಅವರ ಪತ್ನಿ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಯುದ್ಧದ ಭೀತಿಯಿಂದ ಲಂಡನ್ ಬಿಟ್ಟು ಸೇಂಟ್ ಐವ್ಸ್ ಬಳಿಗೆ ಬಂದು ನೆಲೆಸಿದ್ದರು. ಲೇಖಕ ಏಡ್ರಿಯನ್ ಸ್ಟೋಕ್ಸ್ ಅಲ್ಲಿಯೇ ಇದ್ದರು. ಅವರು ಕೊಟ್ಟ ಪುಸ್ತಕಗಳಲ್ಲಿ, ಬಳಪ ಬಣ್ಣಗಳಲ್ಲಿ ವಾಲಿಸ್ ಕೊನೆಯವರೆಗೂ ಹಡಗುಗಳನ್ನು ಬರೆದರು. ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಅಲ್ಲಿದ್ದು 1942ರ ಆಗಸ್ಟ್ 29ರಂದು ಕಣ್ಣು ಮುಚ್ಚಿದರು. ಅವರಿಗೆ ಎಂಬತ್ತೇಳು ವರ್ಷ.

ಅವರು ಯಾವುದಕ್ಕೆ ಹೆದರಿದ್ದರೋ ಅದೇ ನಡೆಯುವುದರಲ್ಲಿತ್ತು. ದೇಹ ಬಡವರ ಗುಂಡಿಗೆ ಹೋಗುವ ಮೊದಲು ಸ್ಟೋಕ್ಸ್ ಮತ್ತು ಗೆಳೆಯರು ನಡುವೆ ಬಂದು ತಡೆದರು. ಸೇಂಟ್ ಐವ್ಸ್‌ನ ಬಾರ್ನೂನ್ ಸಮಾಧಿಭೂಮಿಯಲ್ಲಿ, ಸಾಲ್ವೇಶನ್ ಆರ್ಮಿಯ ಪ್ರಾರ್ಥನಾ ವಿಧಿಯೊಂದಿಗೆ, ಸಮುದ್ರ ಕಾಣುವ ಇಳಿಜಾರಿನಲ್ಲಿ ಅವರನ್ನು ಮಣ್ಣುಮಾಡಲಾಯಿತು. ಸತ್ತವರನ್ನು ಹೂಳುವುದು ಶಾರೀರಿಕ ಕರುಣೆಯ ಏಳು ಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿರುವುದು ಆರು ಮಾತ್ರ. ಈ ಏಳನೆಯದು ಬಂದದ್ದು ತೊಬೀತನ ಗ್ರಂಥದಿಂದ. ತೊಬೀತನು ಬಡಿಸಿದ ಊಟವನ್ನು ಬಿಟ್ಟೆದ್ದು, ಬೀದಿಯಲ್ಲಿ ಬಿದ್ದಿದ್ದ ಶವವನ್ನು ತಂದಿಟ್ಟು, ಸೂರ್ಯ ಮುಳುಗಿದ ಮೇಲೆ ಮಣ್ಣುಮಾಡಿದನು. ವಾಲಿಸ್ ಅವರ ಗೆಳೆಯರಲ್ಲಿ ಎಷ್ಟು ಜನ ವಿಶ್ವಾಸಿಗಳಾಗಿದ್ದರೋ ದೇವರೇ ಬಲ್ಲ. ಶಿಲ್ಲಿಂಗಿನ ಲೆಕ್ಕದಲ್ಲಿ ಉಳಿದಿದ್ದ ಸಾಲದ ಒಂದು ಭಾಗವನ್ನು ಅವರು ಅಂದು ತೀರಿಸಿದರು.

ಸಮಾಧಿಯ ಮೇಲೆ ಹಾಸಿದ ಹೆಂಚುಗಳನ್ನು ಮಾಡಿದವರು ಪ್ರಸಿದ್ಧ ಕುಂಬಾರ ಕಲಾವಿದ ಬರ್ನಾರ್ಡ್ ಲೀಚ್. 1920ರಿಂದ ಅದೇ ಊರಿನಲ್ಲಿ ಅವರ ಕುಂಬಾರಿಕೆಯ ಕಾರ್ಯಾಗಾರವಿತ್ತು. ಹೆಂಚುಗಳ ಮೇಲಿನ ಚಿತ್ರದಲ್ಲಿ ಒಂದು ಬೃಹತ್ ದೀಪಸ್ತಂಭವಿದೆ. ಅದರ ಬುಡದಲ್ಲಿ ತೀರ ಪುಟ್ಟದಾಗಿ ಒಬ್ಬ ಮುದುಕ. ವಾಲಿಸ್ ಅವರದೇ ಅಳತೆಯ ನಿಯಮ! ಹೆಸರಿನ ಕೆಳಗೆ ಕಲಾವಿದ ಮತ್ತು ನಾವಿಕ ಎಂದು ಬರೆದಿದೆ. ಅದರೊಂದಿಗೆ, ಪ್ರಭು ಯೇಸು ಶಿಲುಬೆಯ ಮೇಲೆ ತಂದೆಗೆ ತಮ್ಮನ್ನು ಒಪ್ಪಿಸಿಕೊಂಡ ಪ್ರಾರ್ಥನೆಯ ಮೊದಲ ಪದಗಳು. 1993ರಲ್ಲಿ ಆ ಸಮಾಧಿಭೂಮಿಯ ಕೆಳಗೆ, ಪೋರ್ತ್‌ಮಿಯರ್ ಕಡಲದಂಡೆಗೆ ಎದುರಾಗಿ, ಟೇಟ್ ಸಂಸ್ಥೆಯ ದೊಡ್ಡ ಕಲಾಶಾಲೆ ಎದ್ದಿತು. ವಾಲಿಸ್ ಆ ದಂಡೆಯನ್ನು ಎಷ್ಟೋ ಸಲ ರಟ್ಟಿನ ಮೇಲೆ ಬರೆದಿದ್ದರು.

ಜಿಮ್ ಈಡ್ ತಾವು ಕೂಡಿಸಿದ ಚಿತ್ರಗಳನ್ನು ಮಾರಲಿಲ್ಲ. ಕೇಂಬ್ರಿಜ್‌ನಲ್ಲಿ ಕೆಟಲ್ಸ್ ಯಾರ್ಡ್ ಎಂಬ ತಮ್ಮ ಮನೆಯ ಗೋಡೆಗಳ ಮೇಲೆ ಅವುಗಳನ್ನು ತೂಗುಹಾಕಿ, ಬಂದ ವಿದ್ಯಾರ್ಥಿಗಳಿಗೆಲ್ಲ ಬಾಗಿಲು ತೆರೆದಿಟ್ಟು, 1966ರಲ್ಲಿ ಮನೆಯನ್ನೂ ಚಿತ್ರಗಳನ್ನೂ ವಿಶ್ವವಿದ್ಯಾನಿಲಯಕ್ಕೆ ದಾನವಾಗಿ ಕೊಟ್ಟರು. ವಾಲಿಸ್ ಅವರ ನೂರಕ್ಕೂ ಹೆಚ್ಚು ಚಿತ್ರಗಳು ಅಲ್ಲಿವೆ. 2020ರಲ್ಲಿ ಅಲ್ಲಿ ನಡೆದ ಪ್ರದರ್ಶನದಲ್ಲಿ, ಮ್ಯಾಡ್ರನ್‌ನ ಕೊನೆಯ ದಿನಗಳ ಮೂರು ಚಿತ್ರಪುಸ್ತಕಗಳನ್ನು ಗಾಜಿನ ಕೆಳಗೆ ತೆರೆದಿಟ್ಟಿದ್ದರು. ಆ ಪುಟಗಳಲ್ಲಿ ಹಾಯಿಹಡಗುಗಳು ಬಂದರಿನಿಂದ ಹೊರಗೆ ಹೋಗುತ್ತಿವೆ.